ಗರಿಯ ಫೋಟೋ, ಕೋಟಿನ ಫೋಟೋ

ದೊಡ್ಡಪ್ಪ: (ಫಾರ್ವರ್ಡ್ ಆದ ಫೋಟೋ, ಬಣ್ಣ ತುಂಬಿದ್ದು) 1845ರ ರೆಡ್ ಇಂಡಿಯನ್ ಬೇಟೆಗಾರ. ಕ್ಯಾಮೆರಾನೇ ಕಾಣದ ಕಾಡುಜನ. ಎಲ್ಲರೂ ನೋಡಿ.

ಅಕ್ಕ, ಮಿಸ್ಸಿಸಾಗಾ: ದೊಡ್ಡಪ್ಪ, ದಯವಿಟ್ಟು ಇದನ್ನ ಡಿಲೀಟ್ ಮಾಡಿ. ಅವರು ಮೆಥಡಿಸ್ಟ್ ಪಾದ್ರಿ, ರೆವರೆಂಡ್ ಪೀಟರ್ ಜೋನ್ಸ್. ತಾಯಿ ಕೆನಡಾದ ಮೂಲನಿವಾಸಿಗಳಾದ ಮಿಸ್ಸಿಸಾಗಾ ಒಜಿಬ್ವೆ ಜನದವರು, ತಂದೆ ಸರ್ವೇಯರ್. ನಾವಿರೋ ಊರಿನ ಹೆಸರೇ ಅವರ ಜನರದ್ದು. ಇಲ್ಲೇ ಕ್ರೆಡಿಟ್ ನದಿ ಹತ್ರ ಅವರ ಹಳ್ಳಿ ಇತ್ತು, 1847ರಲ್ಲಿ ಬಿಟ್ಟು ಹೋದ್ರು.

ದೊಡ್ಡಪ್ಪ: ಇರಲಿ ಕಣಮ್ಮ. ಕಣ್ಣಿಗೆ ಕಂಡಿದ್ದನ್ನ ಬರೆದೆ. ಜಿಂಕೆ ಚರ್ಮದ ಅಂಗಿ ಅವರದೇ ಉಡುಪು ತಾನೇ? ಅದರಲ್ಲಿ ಅವಮಾನ ಏನು ಬಂತು?

ಅಕ್ಕ, ಮಿಸ್ಸಿಸಾಗಾ: ಉಡುಪಿನಲ್ಲಿ ಅವಮಾನ ಇಲ್ಲ, ನಿಮ್ಮ ಸಾಲಿನಲ್ಲಿದೆ. ಈ ಫೋಟೋ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಆಗಸ್ಟ್ 4ರಂದು ಹಿಲ್ ಮತ್ತು ಆಡಮ್‌ಸನ್ ತೆಗೆದದ್ದು. ಜೋನ್ಸ್ ಆಗ ತಮ್ಮ ಜನರ ಮಕ್ಕಳಿಗೆ ಶಾಲೆ ಕಟ್ಟೋಕೆ ಊರೂರು ತಿರುಗಿ ಚಂದಾ ಎತ್ತುತ್ತಿದ್ರು. ಜನ ಸೇರ್ತಿದ್ದದ್ದು ಮಾತಿಗಲ್ಲ, ಈ ವೇಷ ನೋಡೋಕೆ. ಅದು ಅವರಿಗೆ ಎಷ್ಟು ಬೇಸರ ತಂದಿತ್ತು ಅಂತ ಹೆಂಡತಿಗೆ ಬರೆದ ಕಾಗದದಲ್ಲೇ ಇದೆ. ಅದೇ ಫೋಟೋಗ್ರಾಫರುಗಳು ಕೋಟು ತೊಟ್ಟ ಜೋನ್ಸ್ ಅವರನ್ನೂ ತೆಗೆದಿದ್ದಾರೆ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ!

ನಾನು: ಮೂಲ ಫೋಟೋ ಬರೀ ಕಂದು ಬಣ್ಣದ್ದು, ದೊಡ್ಡಪ್ಪ. ಕಾಗದದ ನೆಗೆಟಿವ್, ಅದಕ್ಕೇ ಅಂಚೆಲ್ಲ ಮಸುಕು. ಬಿಸಿಲಲ್ಲಿ ಅಲುಗಾಡದೆ ನಿಂತ ಆ ಮುಖಕ್ಕೆ ಯಾರೋ ಕೆಂಪು ಬಳಿದಿದ್ದಾರೆ. ನೋಡೋಕೇ ಕಷ್ಟ ಆಗತ್ತೆ.

ಚಿಕ್ಕಮ್ಮ: 1838ರಲ್ಲಿ ವಿಕ್ಟೋರಿಯಾ ರಾಣಿ ಎದುರಿಗೂ ಅವರ ಜನರ ಉಡುಪಿನಲ್ಲೇ ಹೋಗಿದ್ರಲ್ವಾ?

ಅಕ್ಕ, ಮಿಸ್ಸಿಸಾಗಾ: ಹೌದು ಚಿಕ್ಕಮ್ಮ, ಆದ್ರೆ ಆಗ ಕೈಯಲ್ಲಿ ಅರ್ಜಿ ಇತ್ತು. ನಮ್ಮ ನೆಲಕ್ಕೆ ಹಕ್ಕುಪತ್ರ ಕೊಡಿ ಅಂತ ಕೇಳೋಕೆ ಹೋಗಿದ್ರು.

ದೊಡ್ಡಪ್ಪ: ಅಂಥ ಶಾಲೆಗಳಲ್ಲೇ ತಾನೇ ಆ ಮಕ್ಕಳ ಭಾಷೆ ಕಿತ್ಕೊಂಡಿದ್ದು? ಅದಕ್ಕೆ ದುಡ್ಡು ಎತ್ತಿದವರನ್ನ ಇಷ್ಟು ಹೊಗಳ್ತೀಯಲ್ಲ.

ಅಕ್ಕ, ಮಿಸ್ಸಿಸಾಗಾ: ಈ ಮಾತಿಗೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಶಾಲೆಯನ್ನ ತಾವೇ ನಡೆಸಬೇಕು ಅಂತ ಅವರಿಗೆ ಆಸೆ ಇತ್ತು. 1851ರಲ್ಲಿ ಮೌಂಟ್ ಎಲ್ಜಿನ್ ಶಾಲೆ ಶುರುವಾಗೋ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, 1856ರಲ್ಲಿ ತೀರಿಕೊಂಡ್ರು. ಆ ವಸತಿಶಾಲೆಯನ್ನ ಬೇರೆಯವರೇ ನಡೆಸಿದ್ರು. ಅಲ್ಲಿ ಮಕ್ಕಳು ಪಟ್ಟ ಪಾಡು ನೆನೆದ್ರೆ ಹೊಟ್ಟೆ ಉರಿಯತ್ತೆ. ಅದನ್ನೂ ಬರೀರಿ, ಬೇಡ ಅನ್ನಲ್ಲ. ಬೇಟೆಗಾರ ಅಂತ ಮಾತ್ರ ಬರೀಬೇಡಿ.

ದೊಡ್ಡಪ್ಪ: ಡಿಲೀಟ್ ಮಾಡ್ದೆ. ಕೋಟಿನ ಫೋಟೋ ಹಾಕು. ಅವರ ಹೆಸರನ್ನ ಕನ್ನಡದಲ್ಲಿ ಬರಿ, ವಾಕಿಂಗ್ ಗುಂಪಿಗೂ ಕಳಿಸಿಬಿಟ್ಟಿದ್ದೆ, ಅಲ್ಲೂ ತಿದ್ದಬೇಕು.

ಅಕ್ಕ, ಮಿಸ್ಸಿಸಾಗಾ: (ಎರಡು ಫೋಟೋ) ಅವರ ಜನರ ಭಾಷೆಯಲ್ಲಿ ಅವರ ಹೆಸರು ಕಾಕೆವಾಕ್ವೊನಾಬಿ. ಪವಿತ್ರ ಗರಿಗಳು ಅಂತ ಅರ್ಥ.