ಅಂಬೆ ಸ್ಟೇಟ್‌ಬ್ಯಾಂಕಿನಲ್ಲಿ ಇಳಿದದ್ದು

ಗುಂಪು: ನಮ್ಮ ಕುಟುಂಬ

ಪುಟ್ಟಿ: (ಚಿತ್ರ: ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಜೀನ್ಸ್ ಹಾಕಿ, ಬಿಲ್ಲು ಹಿಡಿದು ನಿಂತ ಹುಡುಗಿ) ನನ್ನ ಹೊಸ ಕಥೆಯ ನಾಯಕಿ ಇವಳು. "ಕಾಶಿರಾಜನ ಮಗಳು ಅಂಬೆ ಮತ್ತೆ ಹುಟ್ಟಿದ್ದಾಳೆ. ಈಗ ಮಂಗಳೂರಿನಲ್ಲಿ ವಕೀಲೆ. ಹಳೆಯ ಲೆಕ್ಕ ಇನ್ನೂ ಬಾಕಿ ಉಂಟು." ಹೇಗಾಗಿದೆ ಹೇಳಿ.

ಮಣಿಪಾಲ ಅತ್ತೆ: ಚಂದ ಉಂಟು. ಆದರೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಿಲ್ಲು ಹಿಡಿದು ನಿಂತರೆ ಕಂಡಕ್ಟರ್ ಹತ್ತಿಸಿಕೊಳ್ಳುತ್ತಾನಾ?

ಕುಂದಾಪುರ ಮಾವ: ಬಿಲ್ಲು ತಪ್ಪು. ಅಂಬೆ ಬಿಲ್ಲು ಹಿಡಿದವಳಲ್ಲ. ಹಿಡಿದದ್ದು ಶಿಖಂಡಿಯಾದ ಮೇಲೆ.

ಕದ್ರಿ ದೊಡ್ಡಪ್ಪ: ಬಿಲ್ಲು ಆಮೇಲೆ. ಅವಳು ಮತ್ತೆ ಹುಟ್ಟಿ ಆಗಿದೆ ಮಾರಾಯ್ತಿ. ದ್ರುಪದನ ಮನೆಯಲ್ಲಿ ಹುಟ್ಟಿ, ಶಿಖಂಡಿಯಾಗಿ, ಯುದ್ಧದ 10ನೇ ದಿನ ಅರ್ಜುನನ ಮುಂದೆ ನಿಂತದ್ದು. ಭೀಷ್ಮ ಶರಶಯ್ಯೆಗೆ ಬಿದ್ದ. ಲೆಕ್ಕ ಚುಕ್ತಾ. ಇನ್ನು ಎಂತ ಬಾಕಿ?

ಪುಟ್ಟಿ: ಸಿನಿಮಾದಲ್ಲೆಲ್ಲ ಹೀಗೇ ಮಾಡುತ್ತಾರಲ್ಲ ದೊಡ್ಡಪ್ಪ.

ಕದ್ರಿ ದೊಡ್ಡಪ್ಪ: ಅವರು ಮಾಡಲಿ. ನೀನು ಮಾಡಬೇಡ.

ಕಾರ್ಕಳ ಚಿಕ್ಕಪ್ಪ: 🌹 ಎಲ್ಲರಿಗೂ ಶುಭರಾತ್ರಿ 🌹

ನಾನು: ಸೇಡು ಕೊನೆಯ ಮಾತಲ್ವಾ ದೊಡ್ಡಪ್ಪ? ಸ್ವಯಂವರದಿಂದ ಭೀಷ್ಮ ಎತ್ತಿಕೊಂಡು ಬಂದ. ನನ್ನ ಮನಸ್ಸು ಸಾಲ್ವನ ಮೇಲೆ ಅಂದಳು, ಅಲ್ಲಿಗೆ ಕಳಿಸಿದ. ಇನ್ನೊಬ್ಬ ಗೆದ್ದು ಒಯ್ದವಳು ಬೇಡ ಅಂತ ಸಾಲ್ವ ಬಾಗಿಲು ಹಾಕಿದ. ನೀನೇ ಇವಳನ್ನು ಸ್ವೀಕರಿಸು ಅಂತ ಪರಶುರಾಮ ಹೇಳಿದರೆ ಭೀಷ್ಮನಿಗೆ ಪ್ರತಿಜ್ಞೆ ಅಡ್ಡ. ಹೀಗೆ ಅಲೆದವಳು ವಕೀಲೆಯಾದರೆ ತಪ್ಪೇನು?

ಮಣಿಪಾಲ ಅತ್ತೆ: ಆ ಪರಶುರಾಮನೋ, ಸಮುದ್ರವನ್ನೇ ಹಿಂದೆ ಸರಿಸಿ ನಮಗೆ ಊರು ಕೊಟ್ಟವನು. ಇವಳಿಗಾಗಿ 23 ದಿನ ಹೋರಾಡಿ, ಇನ್ನು ನನ್ನಿಂದ ಆಗುವುದಿಲ್ಲ ಅಂದುಬಿಟ್ಟ 😄

ಕುಂದಾಪುರ ಮಾವ: ಯಕ್ಷಗಾನದ 'ಭೀಷ್ಮ ವಿಜಯ' ಆಟ ನೋಡಬೇಕು ಪುಟ್ಟಿ. ಅಂಬೆಯನ್ನು ಸಾಲ್ವನಲ್ಲಿಗೆ ಕರೆದುಕೊಂಡು ಹೋಗುವ ಮುದಿ ಬ್ರಾಹ್ಮಣ ರಂಗಕ್ಕೆ ಬಂದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಾರೆ. ಸಾಲ್ವ ಬೇಡ ಅಂದ ಮೇಲೆ ಭಾಗವತರು ನಿಧಾನಕ್ಕೆ ಪದ ಎತ್ತುತ್ತಾರೆ. ಸ್ತ್ರೀವೇಷ ಗಟ್ಟಿಯಿದ್ದರೆ ಅದೇ ಜನ ತೆಪ್ಪಗಾಗುತ್ತಾರೆ. ನಿನ್ನ ವಕೀಲೆಗೆ ಬೇಕಾದ್ದು ಆ ಮಾತುಗಾರಿಕೆ.

ಮಣಿಪಾಲ ಅತ್ತೆ: ಹೆಂಗಸಿನ ಸಂಕಟಕ್ಕೆ ಗಂಡಸೇ ವೇಷ ಹಾಕಿ, ಗಂಡಸರೇ ಕೂತು ಭೇಷ್ ಅನ್ನುವುದು! (ಈಗ ಹೆಂಗಸರೂ ಕುಣಿಯುತ್ತಾರೆ, ಗೊತ್ತುಂಟು. ಸುಮ್ನೆ ಹೇಳಿದೆ.)

ಕದ್ರಿ ದೊಡ್ಡಪ್ಪ: ಎಲ್ಲ ಒಪ್ಪಿದೆ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಶಿಖಂಡಿಯಲ್ಲಿ ಮುಗಿದವಳು ಈಗ ಎಲ್ಲಿಂದ ಬಂದಳು?

ಕುಂದಾಪುರ ಮಾವ: ಭಾವ, ಉದ್ಯೋಗಪರ್ವದ ಕೊನೆ ಒಮ್ಮೆ ತೆಗೆಯಿರಿ. ಅಂಬೆ ತಪಸ್ಸಿಗೆ ಕೂತಾಗ ಗಂಗೆ ಬಂದು ಶಾಪ ಕೊಡುತ್ತಾಳೆ, ಭೀಷ್ಮನ ತಾಯಿ ಅಲ್ವಾ. ಮಳೆಗಾಲದಲ್ಲಿ ಮಾತ್ರ ಹರಿಯುವ, ಮೊಸಳೆ ತುಂಬಿದ, ಡೊಂಕು ಹೊಳೆಯಾಗು ಅಂತ. ಅರ್ಧ ಅಂಬೆ ವತ್ಸದೇಶದಲ್ಲಿ ಹೊಳೆಯಾಗಿ ಹೋದಳು. ಇನ್ನರ್ಧ ಹೆಣ್ಣಾಗಿಯೇ ಉಳಿದು ಆಮೇಲೆ ಬೆಂಕಿಗೆ ಹಾರಿತು. ಶಿಖಂಡಿಯಾದದ್ದು ಅದು. ಹೊಳೆಯ ಅರ್ಧದ ಲೆಕ್ಕ ಯಾರು ಮುಗಿಸಿದರು?

ಪುಟ್ಟಿ: ಮಾವಾ!!! ಹಾಗಾದರೆ ಇವಳಿಗೆ ಭೀಷ್ಮ ಸತ್ತದ್ದೇ ಗೊತ್ತಿಲ್ಲ!

ನಾನು: ದೊಡ್ಡಪ್ಪ ಟೈಪ್ ಮಾಡುತ್ತಲೇ ಇದ್ದಾರೆ…

ಕದ್ರಿ ದೊಡ್ಡಪ್ಪ: ಹಾಗಾದರೆ ಆಗಬಹುದು. ಆದರೆ ಮತ್ತೆ ಭೀಷ್ಮನ ಹಿಂದೆ ಓಡಿಸಬೇಡ. ಮೊದಲ ನೋಟಿಸ್ ಸಾಲ್ವನಿಗೆ ಹೋಗಲಿ. ಅವನನ್ನು ಯಾರೂ ಕೇಳಲೇ ಇಲ್ಲ.

ಮಣಿಪಾಲ ಅತ್ತೆ: ಅದಕ್ಕೂ ಮೊದಲು ತಂಗಿಯರ ಕೇಸು. ಅಂಬಿಕೆ, ಅಂಬಾಲಿಕೆಯರನ್ನೂ ಎತ್ತಿಕೊಂಡೇ ಬಂದದ್ದು. ವಿಚಿತ್ರವೀರ್ಯನಿಗೆ ಕಟ್ಟಿದರು, ಅವನು ಸತ್ತ ಮೇಲೆ ಮಕ್ಕಳಿಗಾಗಿ ವ್ಯಾಸರ ಹತ್ತಿರ ಕಳಿಸಿದರು. ಬೇಕಾ ಬೇಡವಾ ಅಂತ ಕೇಳಿದವರುಂಟಾ?

ಪುಟ್ಟಿ: ಇದು ಇನ್ನೂ ಜಾಸ್ತಿ ಚಂದ ಅತ್ತೆ. ಮೊದಲ ಕಕ್ಷಿದಾರರು ಅವರೇ. ಚಿತ್ರ ಬದಲಾಯಿಸುತ್ತೇನೆ. ಜೀನ್ಸ್ ಇರಲಾ?

ಕದ್ರಿ ದೊಡ್ಡಪ್ಪ: ಕೋರ್ಟಿಗೆ ಜೀನ್ಸಾ? ಸೀರೆ ಉಡಿಸು, ಮೇಲೆ ಕರಿಕೋಟು. ಮತ್ತೆ ಕಥೆ ಬರೆದು ಮೊದಲು ನನಗೆ ಕಳಿಸು, ಕಾಗುಣಿತ ನೋಡಿ ಕೊಡುತ್ತೇನೆ.

ಕುಂದಾಪುರ ಮಾವ: ಮೊಸಳೆ ಬಿಡಬೇಡ.