ಗಡಿ ದಾಟುವ ರೋಬೋಟಿನ ಕಾಗದವನ್ನು ‘ರಹದಾರಿ’ ಎನ್ನಬಹುದೇ?

ಪದಚರ್ಚೆಯ ಮಾನ್ಯ ಸದಸ್ಯರಿಗೆ ಕೋಲಾರದಿಂದ ನಮಸ್ಕಾರಗಳು.

ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಆಮದು–ರಫ್ತಿನ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಕನ್ನಡ ಸಂಘದವರು ಈ ಸಲದ ರಾಜ್ಯೋತ್ಸವಕ್ಕೆ ಚರ್ಚಾಸ್ಪರ್ಧೆಯೊಂದನ್ನು ಇಟ್ಟುಕೊಂಡಿದ್ದಾರೆ. ದೇಶದ ಗಡಿ ದಾಟುವ ರೋಬೋಟ್‌ಗಳಿಗೆ ಕಾನೂನಿನ ದಾಖಲೆ ಕಡ್ಡಾಯವಾಗಬೇಕೇ ಎಂಬುದು ವಿಷಯ. ಬ್ಯಾನರಿಗೆ ಬೇಕಾದ ಒಂದೇ ಒಂದು ಸಾಲನ್ನು ಬರೆದುಕೊಡುವ ಹೊಣೆ ನನಗೆ ಬಿತ್ತು. ಒಂದು ಸಾಲು ತಾನೇ ಎಂದು ಒಪ್ಪಿಕೊಂಡೆ; ಹದಿನೈದು ದಿನ ಕಳೆದರೂ ಅದು ಮುಗಿದಿಲ್ಲ. ‘ರೋಬೋಟಿಗೆ’ ಮತ್ತು ‘ಬೇಕೇ’ ಎಂಬ ಎರಡು ಪದಗಳ ನಡುವೆ ಯಾವ ಹೆಸರನ್ನು ಕೂರಿಸಿದರೂ ಅದು ಚರ್ಚೆಯ ತೀರ್ಪನ್ನು ಮೊದಲೇ ಹೇಳಿಬಿಡುತ್ತದೆ.

ನಾನು ಮೊದಲು ಬರೆದ ಸಾಲು ‘ಯಂತ್ರಮಾನವರಿಗೆ ರಹದಾರಿ ಬೇಕೇ?’ ಎಂದಿತ್ತು. ಓದಲು ಸೊಗಸಾಗಿದೆ, ಆದರೆ ಎರಡೂ ಪದಗಳಲ್ಲಿ ತೊಡಕಿದೆ. ‘ಯಂತ್ರಮಾನವ’ ಎಂದೊಡನೆ ಮನುಷ್ಯನೊಬ್ಬ ಕಣ್ಣೆದುರು ಬಂದು ನಿಲ್ಲುತ್ತಾನೆ, ಅವನಿಗೆ ಪಾಸ್‌ಪೋರ್ಟ್ ಕೇಳುವುದು ಸಹಜವಾಗಿಯೇ ಕಾಣುತ್ತದೆ. ನಮ್ಮಲ್ಲಿರುವುದು ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ, ಆರು ಕೀಲುಗಳ ವೆಲ್ಡಿಂಗ್ ತೋಳು. ಅದಕ್ಕೆ ಮುಖವಿಲ್ಲ, ಕಾಲಿಲ್ಲ. ಅದನ್ನು ಯಂತ್ರಮಾನವ ಎಂದು ಕರೆದವರನ್ನು ನಾನು ಈವರೆಗೆ ಕಂಡಿಲ್ಲ. ಮುಳಬಾಗಿಲು ಕಡೆಯಿಂದ ಬರುವ, ಮನೆಯಲ್ಲಿ ತೆಲುಗು ಮಾತನಾಡುವ ನಮ್ಮ ಸಹಾಯಕನೊಬ್ಬ ವಿಷಯ ಕೇಳಿ, “ಮರಮನಿಷಿಕಿ ಪಾಸ್‌ಪೋರ್ಟಾ ಸಾರ್?” ಎಂದು ನಕ್ಕ. ತೆಲುಗಿನ ‘ಮರ’ ಎಂದರೆ ಯಂತ್ರ. ಕನ್ನಡದ ಕಿವಿಗೆ ಅದು ಮರದ ಮನುಷ್ಯನಾಗಿ ಕೇಳುತ್ತದೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮ ಜಿಲ್ಲೆಯಲ್ಲಿ ಇಂಥ ಸುಖಗಳು ದಿನಕ್ಕೊಂದು ಸಿಗುತ್ತವೆ. ‘ರೋಬೋಟ್’ ಎಂಬ ಪದವಾದರೂ 1920ರ ಒಂದು ಜೆಕ್ ನಾಟಕದಿಂದ ಬಂದದ್ದು, ಅದರ ಮೂಲದಲ್ಲಿರುವುದು ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಅದಕ್ಕೆ ನಮ್ಮಲ್ಲಿ ನೇರವಾದ ಪದವಿದೆ: ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ‘ಬಿಟ್ಟಿ’. ಆ ಲೆಕ್ಕದಲ್ಲಿ ರೋಬೋಟ್ ಎಂದರೆ ಬಿಟ್ಟಿಯಾಳು. ಆದರೆ ಇಂದು ‘ಬಿಟ್ಟಿ’ ಎಂದರೆ ಪುಕ್ಕಟೆ ಎಂಬ ಅರ್ಥವೇ ಉಳಿದಿರುವುದರಿಂದಲೂ, ಈ ತೋಳಿನ ಬೆಲೆಯನ್ನು ನಾನು ಬಲ್ಲವನಾದ್ದರಿಂದಲೂ, ಆ ಪದವನ್ನು ಕೈಬಿಟ್ಟು ‘ರೋಬೋಟ್’ ಎಂದೇ ಉಳಿಸಿಕೊಂಡಿದ್ದೇನೆ. ಅದರ ಬಗ್ಗೆ ನನ್ನ ಪ್ರಶ್ನೆಯಿಲ್ಲ.

ಪ್ರಶ್ನೆ ಇರುವುದು ‘ರಹದಾರಿ’ಯ ಬಗ್ಗೆ. ಇದು ಪಾರಸಿಯ ‘ರಾಹ್’ ಮತ್ತು ‘ದಾರ್’ ಸೇರಿ ಆದ ಪದ. ರಾಹ್ ಎಂದರೆ ದಾರಿ, ದಾರ್ ಎಂದರೆ ಹಿಡಿದವನು, ಕಾಯುವವನು. ರಾಹ್‌ದಾರ ಎಂದರೆ ದಾರಿಯನ್ನು ಕಾಯುತ್ತ ಸುಂಕ ಎತ್ತುವವನು. ಮೊಗಲರ ಕಾಲದಲ್ಲಿ ರಾಹ್‌ದಾರಿ ಎಂದರೆ ದಾರಿಯಲ್ಲಿ ತೆರಬೇಕಾದ ಸುಂಕವೇ ಆಗಿತ್ತು. ಸುಂಕ ತೆತ್ತವನಿಗೆ ಮುಂದೆ ಹೋಗಲು ಬಿಟ್ಟದ್ದರ ಗುರುತಾಗಿ ಕೊಡುವ ಪತ್ರಕ್ಕೂ ಅದೇ ಹೆಸರು ನಿಂತಿತು. ಕನ್ನಡಕ್ಕೆ ಬಂದ ಮೇಲೆ ಪದದ ಕೊನೆಯ ‘ದಾರಿ’ ನಮ್ಮ ಸ್ವಂತ ‘ದಾರಿ’ಯೇ ಎಂದು ಎಲ್ಲರೂ ತಿಳಿದರು. ಎರಡಕ್ಕೂ ಸಂಬಂಧವಿಲ್ಲ, ಆದರೂ ಈ ತಪ್ಪು ತಿಳಿವಳಿಕೆಯೇ ಪದವನ್ನು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿಸಿತೆಂದು ನನಗನ್ನಿಸುತ್ತದೆ. ಪಾಸ್‌ಪೋರ್ಟಿಗೆ ‘ರಹದಾರಿ’ ಎಂದು ಬರೆಯುವವರಿದ್ದಾರೆ. ಬಸ್ಸು, ಲಾರಿಗಳ ಪರ್ಮಿಟ್ಟಿಗೆ ಸಾರಿಗೆ ಇಲಾಖೆಯ ಕನ್ನಡದಲ್ಲಿಯೂ ‘ರಹದಾರಿ’ ಎಂಬ ಪದವೇ ಬಳಕೆಯಲ್ಲಿದೆ. ಹೀಗೆ ಒಂದೇ ಪದ ಮನುಷ್ಯನಿಗೂ ವಾಹನಕ್ಕೂ ಸಲ್ಲುವುದರಿಂದ, ಇವೆರಡರ ನಡುವೆ ಎಲ್ಲೋ ನಿಂತಿರುವ ರೋಬೋಟಿಗೆ ಅದು ಹೇಳಿ ಮಾಡಿಸಿದಂತಿದೆ ಎಂದು ನಾನು ಮೊದಲು ಹಿಗ್ಗಿದ್ದೆ.

ಆ ಹಿಗ್ಗನ್ನು ಇಳಿಸಿದ್ದು ನನ್ನದೇ ಒಂದು ಹಳೆಯ ಎಡವಟ್ಟಿನ ನೆನಪು. ಹಿಂದೊಮ್ಮೆ ನಮ್ಮ ತೋಳೊಂದನ್ನು ದುರಸ್ತಿಗೆಂದು ಹೊರದೇಶಕ್ಕೆ ಕಳಿಸಿದ್ದೆವು. ಹಾಗೆ ಹೋಗಿ ಮರಳುವ ಯಂತ್ರಕ್ಕೆ ಸುಂಕದ ರಿಯಾಯಿತಿ ದೊರೆಯಬೇಕಾದರೆ, ಹೋದ ಯಂತ್ರವೇ ಮರಳಿದೆ ಎಂಬುದು ಅಧಿಕಾರಿಗಳಿಗೆ ಮನದಟ್ಟಾಗಬೇಕು. ಕಳಿಸುವಾಗ ನಾನು ಯಂತ್ರದ ಸಂಖ್ಯೆಯಲ್ಲಿ ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ‘ಓ’ ಅಕ್ಷರವನ್ನು ಒತ್ತಿದ್ದೆ. ಮರಳಿದ ಪೆಟ್ಟಿಗೆ ವಿಮಾನ ನಿಲ್ದಾಣದ ಸರಕು ಮನೆಯಲ್ಲಿ ನಿಂತಿತು. “ಹೋದದ್ದೇ ಬಂದಿದೆ ಅಂತ ಹೇಗೆ ಹೇಳ್ತೀರಿ?” ಎಂದು ಅಧಿಕಾರಿ ಕೇಳಿದರು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದನ್ನು ಬಲ್ಲೆನಾದ್ದರಿಂದ ಪೆಟ್ಟಿಗೆ ಬಿಚ್ಚಿಸಿ, ತೋಳಿನ ಬುಡದಲ್ಲಿ ಗ್ರೀಸು ಮೆತ್ತಿದ್ದ ತಗಡಿನ ಪಟ್ಟಿಯನ್ನು ವೇಸ್ಟ್ ಬಟ್ಟೆಯಿಂದ ಒರೆಸಿ, ಅದರಲ್ಲಿ ಕೊರೆದಿದ್ದ ಸಂಖ್ಯೆಯನ್ನು ಟಾರ್ಚು ಹಿಡಿದು ತೋರಿಸಿದೆ. ಆ ಬೆರಳುದ್ದದ ತಗಡು ಬಿಟ್ಟರೆ ಅದಕ್ಕೆ ಬೇರೆ ಗುರುತಿರಲಿಲ್ಲ. ಒಳಗಿನ ಮೋಟಾರು ಹೊಸದಾಗಿತ್ತು, ನಿಯಂತ್ರಣದ ತಂತ್ರಾಂಶವೂ ಬದಲಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಅಧಿಕಾರಿಯ ಆ ಮಾತಿನ ವ್ಯಾಕರಣವನ್ನು ಗಮನಿಸಬೇಕು. ಬ್ಯಾನರಿನ ಸಾಲಿಗೆಂದು ನಾನು ಮನಸ್ಸಿನಲ್ಲೇ ಒಂದು ಸೂತ್ರ ಕಟ್ಟಿಕೊಂಡಿದ್ದೆ: ತಾನಾಗಿ ‘ದಾಟುವ’ದಕ್ಕೆ ರಹದಾರಿ, ಇನ್ನೊಬ್ಬರು ‘ದಾಟಿಸುವ’ದಕ್ಕೆ ಸರಕುಪಟ್ಟಿ. ಸಾಗು–ಸಾಗಿಸು, ದಾಟು–ದಾಟಿಸು ಎಂಬ ಜೋಡಿಗಳಿರುವ ಭಾಷೆಗೆ ಇದಕ್ಕಿಂತ ಚೆಂದದ ಪರಿಹಾರ ಯಾವುದು ಎಂದುಕೊಂಡಿದ್ದೆ. ಆದರೆ ಅವರು ‘ಕಳಿಸಿದ್ದೇ ಬಂದಿದೆ’ ಎನ್ನಲಿಲ್ಲ, ‘ಹೋದದ್ದೇ ಬಂದಿದೆ’ ಎಂದರು. ನಾವೆಲ್ಲರೂ ಹಾಗೆಯೇ ಅಲ್ಲವೇ ಮಾತನಾಡುವುದು? ಮಾಲು ಬಂತು, ಲಾರಿ ಗಡಿಯ ನಂಗಲಿ ದಾಟಿತು, ಟೊಮೆಟೊ ಚೆನ್ನೈಗೆ ಹೋಯಿತು. ಟೊಮೆಟೊಗೆ ಕಾಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಲಿಂಗವೂ ನೆರವಿಗೆ ಬರುವುದಿಲ್ಲ. ‘ಮಗು ಅಳುತ್ತಿದೆ’ ಎಂದು ನಪುಂಸಕದಲ್ಲಿ ಹೇಳುತ್ತೇವೆ. ಅದು ನಡೆಯದು, ಎತ್ತಿಕೊಂಡೇ ದಾಟಿಸಬೇಕು. ಹಾಗಿದ್ದೂ ಇಂದು ಕೈಗೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು. ಆವನಿ ಜಾತ್ರೆಯಲ್ಲಿ ಮಾರಾಟವಾದ ಎತ್ತು ಆಂಧ್ರದ ಗಡಿಯನ್ನು ತನ್ನ ನಾಲ್ಕು ಕಾಲಿನ ಮೇಲೆಯೇ ನಡೆದು ದಾಟುತ್ತದೆ, ಚೀಟಿ ಇರುವುದು ಮಾತ್ರ ಕೊಂಡವನ ಜೇಬಿನಲ್ಲಿ. ಹೀಗಾಗಿ ನನ್ನ ಸೂತ್ರ ಬಿದ್ದುಹೋಯಿತು.

ನಿಜವಾದ ಎಳೆ ಸಿಕ್ಕಿದ್ದು ನಮ್ಮ ಲಾರಿ ಚಾಲಕರಿಂದ. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ತೆರಿಗೆಯ ತನಿಖಾ ಠಾಣೆಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳನ್ನು ಕಂಡ ಹಿರಿಯರೊಬ್ಬರು ಹೇಳಿದರು: “ಮೂರು ಕಾಗದ ಸಾರ್, ಗಾಡಿದೊಂದು, ಮಾಲಿಂದೊಂದು, ನಮ್ದೊಂದು.” ರಹದಾರಿ ಮತ್ತು ನೋಂದಣಿ ಗಾಡಿಯದು, ಬಿಲ್ಲು ಮಾಲಿನದು, ಚಾಲನಾ ಅನುಜ್ಞಾಪತ್ರ ಚಾಲಕನದು. ರೋಬೋಟಿನ ತೊಡಕು ಇಲ್ಲಿದೆ. ತಾನೇ ಚಲಿಸುವ ರೋಬೋಟೊಂದು ಗಡಿಗೆ ಬಂದರೆ ಗಾಡಿಯೂ ಅದೇ, ಮಾಲೂ ಅದೇ, ಚಾಲಕನೂ ಅದೇ. ಮೂರು ಕಾಗದಗಳು ಒಂದೇ ಒಡಲಿನಲ್ಲಿ ಸೇರಿಕೊಂಡಿವೆ; ನಾವು ಕೊಡುವ ಹೆಸರು ಈ ಮೂರರಲ್ಲಿ ಯಾವುದನ್ನು ಹಿಡಿದಿದೆಯೋ ಅದರಂತೆ ಕಾನೂನು ನಡೆಯುತ್ತದೆ.

ಇಂದಿನ ಕಾನೂನು ಬಹುಮಟ್ಟಿಗೆ ಹಿಡಿದಿರುವುದು ಮಾಲಿನ ಕಾಗದವನ್ನು. ಜಗತ್ತಿನ ಹೆಚ್ಚಿನ ದೇಶಗಳು ಅನುಸರಿಸುವ ಸುಂಕದ ವರ್ಗೀಕರಣದಲ್ಲಿ ಕೈಗಾರಿಕಾ ರೋಬೋಟಿನ ಸ್ಥಾನ ಸಾಮಾನ್ಯವಾಗಿ 84ನೇ ಅಧ್ಯಾಯದಲ್ಲಿ, ಹೊಲಿಗೆ ಯಂತ್ರ ಮತ್ತು ಬಟ್ಟೆ ಒಗೆಯುವ ಯಂತ್ರಗಳ ಜೊತೆಯಲ್ಲಿ. ಮೊದಲು ಕೈಗಾರಿಕಾ ರೋಬೋಟ್ ಎಂಬ ಹೆಸರಿನಲ್ಲಿ 8479.50 ಎಂಬ ಸಂಖ್ಯೆಯ ಒಂದೇ ಮನೆಯಿತ್ತು. 2022ರಲ್ಲಿ ಸರಕು ಎತ್ತಿಳಿಸುವ ರೋಬೋಟ್‌ಗಳಿಗೆ 8428.70 ಎಂಬ ಇನ್ನೊಂದು ಮನೆ ಕೊಟ್ಟರು. ಪ್ರದರ್ಶನಕ್ಕೆಂದು ಹೋಗಿ ಮರಳುವ ಯಂತ್ರಕ್ಕೆ 1961ರ ಒಪ್ಪಂದದ ‘ಎಟಿಎ ಕಾರ್ನೆ’ ಎಂಬ ಪುಸ್ತಕವಿದೆ, ನಮ್ಮ ದೇಶದಲ್ಲಿ ಅದನ್ನು ಕೊಡುವುದು ಫಿಕ್ಕಿ ಎಂಬ ವಾಣಿಜ್ಯ ಮಂಡಳಿಗಳ ಒಕ್ಕೂಟ. ಒಂದು ವರ್ಷದ ಅವಧಿಯ ಈ ಪುಸ್ತಕಕ್ಕೆ ‘ಸರಕಿನ ಪಾಸ್‌ಪೋರ್ಟ್’ ಎಂಬ ಅಡ್ಡಹೆಸರೂ ಇದೆ. ಆದರೆ ಅದರ ಜೀವಾಳ ಇರುವುದು ಹೊಣೆಯಲ್ಲಿ: ಸರಕು ಮರಳದಿದ್ದರೆ ಸುಂಕ ತೆರಲು ಒಂದು ಸಂಸ್ಥೆ ಜಾಮೀನು ನಿಂತಿರುತ್ತದೆ.

2021ರ ಅಕ್ಟೋಬರಿನಲ್ಲಿ ಈಜಿಪ್ಟಿನಲ್ಲಿ ನಡೆದದ್ದನ್ನು ಸದಸ್ಯರು ಓದಿರಬಹುದು. ಐ-ಡಾ ಎಂಬ ಚಿತ್ರ ಬರೆಯುವ ರೋಬೋಟ್ ಗೀಜಾದ ಪಿರಮಿಡ್ಡುಗಳ ಬಳಿಯ ಪ್ರದರ್ಶನಕ್ಕೆಂದು ಹೋದಾಗ, ಅದರೊಳಗಿನ ಮೋಡೆಮ್ ಮತ್ತು ಕಣ್ಣುಗಳಲ್ಲಿದ್ದ ಕ್ಯಾಮೆರಾಗಳು ಗೂಢಚರ್ಯೆಗೆಂದು ಬಂದಿರಬಹುದೆಂಬ ಶಂಕೆಯಿಂದ ಗಡಿಯ ಅಧಿಕಾರಿಗಳು ಅದನ್ನು ಹತ್ತು ದಿನ ಇಟ್ಟುಕೊಂಡರು. ಇಂಗ್ಲಿಷ್ ವರದಿಗಳು ಮನುಷ್ಯನಿಗೂ ಸರಕಿಗೂ ಹೊಂದುವ ಒಂದೇ ಕ್ರಿಯಾಪದ ಬಳಸಿ ಜಾರಿಕೊಂಡವು. ಕನ್ನಡದಲ್ಲಿ ಬರೆಯುವವನಿಗೆ ಆ ಸೌಲಭ್ಯವಿಲ್ಲ, ‘ಬಂಧಿಸಿದರು’ ಎನ್ನಬೇಕೋ ‘ತಡೆಹಿಡಿದರು’ ಎನ್ನಬೇಕೋ ನಿರ್ಧರಿಸಲೇಬೇಕು. ತಡೆಹಿಡಿದರು ಎಂಬುದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಅವರ ಶಂಕೆ ಪೆಟ್ಟಿಗೆಯ ಮೇಲಿನದಾಗಿರಲಿಲ್ಲ, ನೋಡುವ ಕಣ್ಣಿನ ಮೇಲಿನದಾಗಿತ್ತು ಎಂಬುದನ್ನೂ ಒಪ್ಪಬೇಕಾಗುತ್ತದೆ. 2017ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾ ಸೋಫಿಯಾ ಎಂಬ ರೋಬೋಟಿಗೆ ಪೌರತ್ವ ಘೋಷಿಸಿದ್ದು ಪ್ರಚಾರದ ಮಾತಾಗಿತ್ತಷ್ಟೆ. ಅದನ್ನು ಇಲ್ಲಿಗೆ ಎಳೆದು ತರಬೇಕಾಗಿಲ್ಲ.

ಗಾಡಿಯ ಕಾಗದವನ್ನು ಹಿಡಿದ ಕಾನೂನೂ ಇದೆ, ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಅದೇ. ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಷಿಕಾಗೊ ಒಪ್ಪಂದದ 17ನೇ ವಿಧಿಯಂತೆ ವಿಮಾನಕ್ಕೆ ಅದು ನೋಂದಣಿಯಾದ ದೇಶದ ರಾಷ್ಟ್ರೀಯತೆ ಇರುತ್ತದೆ. ನಮ್ಮ ವಿಮಾನಗಳ ಮೈಮೇಲೆ ಕಾಣುವ ‘ವಿಟಿ’ ಎಂಬ ಎರಡಕ್ಷರ ಅದರ ಗುರುತು. ಅದೇ ಒಪ್ಪಂದದ 8ನೇ ವಿಧಿ, ಚಾಲಕನಿಲ್ಲದೆ ಹಾರಬಲ್ಲ ವಿಮಾನವು ಇನ್ನೊಂದು ದೇಶದ ವಿಶೇಷ ಅನುಮತಿಯಿಲ್ಲದೆ ಆ ದೇಶದ ಮೇಲೆ ಹಾಗೆ ಹಾರಕೂಡದು ಎನ್ನುತ್ತದೆ. ಇಂದಿನ ಡ್ರೋನ್‌ಗಳ ಸುಳಿವೂ ಇಲ್ಲದ ಕಾಲದ ಮಾತಿದು. ನಮ್ಮ 2021ರ ಡ್ರೋನ್ ನಿಯಮಗಳು ಕೂಡ, ವಿನಾಯಿತಿಗಳನ್ನು ಬಿಟ್ಟರೆ, ಪ್ರತಿಯೊಂದು ಡ್ರೋನಿಗೂ ಪ್ರತ್ಯೇಕ ಗುರುತಿನ ಸಂಖ್ಯೆ ಬೇಕೆನ್ನುತ್ತವೆ. ತಾನೇ ನಡೆಯುವ, ನೋಡುವ, ಕಂಡದ್ದನ್ನು ನೆನಪಿಟ್ಟುಕೊಳ್ಳುವ ರೋಬೋಟ್‌ಗಳಿಗೂ ಇಂಥ ನೋಂದಣಿ ಬೇಕು, ನೆಲಕ್ಕೆ ಬಿಗಿದ ತೋಳಿಗೆ ಈಗಿರುವ ಸರಕಿನ ಕಾಗದವೇ ಸಾಕು ಎಂದು ನನ್ನ ಮತ.

ಮೂರನೆಯದಾದ ಚಾಲಕನ ಕಾಗದವನ್ನು ರೋಬೋಟಿನ ಹೆಸರಿಗೆ ಕೊಡುವುದನ್ನು ನಾನು ಒಪ್ಪಲಾರೆ, ಅದಕ್ಕೆ ಕಾರಣವೂ ಪದದಲ್ಲೇ ಇದೆ. ‘ರಹದಾರಿ’ಯಲ್ಲಿರುವ ‘ದಾರ್’ ‘ಜವಾಬ್ದಾರಿ’ಯಲ್ಲಿಯೂ ಇದೆ. ಜವಾಬು ಹಿಡಿದವನು, ಅಂದರೆ ಕೇಳಿದಾಗ ಉತ್ತರ ಕೊಡಬೇಕಾದವನು, ಜವಾಬ್ದಾರ. ಕಾನೂನಿನಲ್ಲಿ ‘ವ್ಯಕ್ತಿ’ ಎನಿಸಿಕೊಂಡರೆ ಸಾಕು ಎನ್ನುವವರು ಒಂದನ್ನು ನೆನೆಯಬೇಕು: ನಮ್ಮ ನ್ಯಾಯಾಲಯಗಳಲ್ಲಿ ದೇವರ ವಿಗ್ರಹವೂ ವ್ಯಕ್ತಿಯೇ, ಆಸ್ತಿ ಅದರ ಹೆಸರಿನಲ್ಲಿರುತ್ತದೆ, ಅದರ ಹೆಸರಿನಲ್ಲಿ ದಾವೆ ಹೂಡಬಹುದು. ಹಾಗಿದ್ದರೂ ವಿಗ್ರಹಕ್ಕೆ ಯಾರೂ ಪಾಸ್‌ಪೋರ್ಟ್ ಮಾಡಿಸುವುದಿಲ್ಲ. ಅದರ ಪರವಾಗಿ ಉತ್ತರ ಕೊಡಲು ಒಬ್ಬ ಮನುಷ್ಯ ಇರುತ್ತಾನೆ. ಕೈಗೂಸಿನ ಪಾಸ್‌ಪೋರ್ಟಿನ ಅರ್ಜಿಗೆ ತಂದೆತಾಯಿಗಳು ಸಹಿ ಹಾಕುತ್ತಾರೆ, ಕೂಸು ಬೆಳೆದು ಒಂದು ದಿನ ತಾನೇ ಸಹಿ ಹಾಕುತ್ತದೆ. ರೋಬೋಟಿನಲ್ಲಿ ಆ ಬೆಳೆಯುವ ಭಾಗವಿಲ್ಲ.

ಆದ್ದರಿಂದ ‘ರಹದಾರಿ’ಯನ್ನು ಬಿಟ್ಟು ‘ಗುರುತುಪತ್ರ’ ಎನ್ನೋಣವೆಂದರೆ ಅದು ತಗಡಿನ ಸಂಖ್ಯೆಗಷ್ಟೇ ನಿಲ್ಲುತ್ತದೆ. ‘ಪರವಾನಗಿ’ ಎಂದರೆ ಅಪ್ಪಣೆಯ ವಾಸನೆ ಹೆಚ್ಚು. ‘ದಾಖಲೆ’ಗೆ ಅರಬ್ಬಿಯಲ್ಲಿ ಒಳಹೋಗುವುದೆಂಬ ಮೂಲಾರ್ಥವಿರುವುದರಿಂದ ಗಡಿಯ ಮಾತಿಗೆ ಅದು ಎಲ್ಲಕ್ಕಿಂತ ಹತ್ತಿರ, ಆದರೆ ಇಂದಿನ ಕಿವಿಗೆ ಅದು ಯಾವ ಕಾಗದವೂ ಆಗಬಹುದು. ಅಚ್ಚಕನ್ನಡದ ‘ಹೊಣೆ’ಯನ್ನು ಹಿಡಿದು ‘ಹೊಣೆಚೀಟಿ’ ಎಂದು ಬರೆದೆ. ಸಂಘದ ಕಾರ್ಯದರ್ಶಿ ಅದನ್ನು ಓದಿ, “ಸಾಲದ ಪತ್ರ ಅಂದ್ಕೋತಾರೆ ಬಿಡಿ” ಎಂದರು.

ಸದ್ಯಕ್ಕೆ ನನ್ನ ಕೈಯಲ್ಲಿರುವ ಸಾಲು ಹೀಗಿದೆ: ‘ಗಡಿ ದಾಟುವ ರೋಬೋಟಿನ ಕಾಗದ ಯಾರ ಹೆಸರಿನಲ್ಲಿರಬೇಕು?’ ಇಲ್ಲಿ ‘ರೋಬೋಟಿಗೆ’ ಎಂಬ ಚತುರ್ಥಿಯನ್ನು ಬಿಟ್ಟು, ಆ ಚಾಲಕರ ‘ಗಾಡಿದು, ಮಾಲಿಂದು’ ಎಂಬ ಷಷ್ಠಿಯನ್ನು ಹಿಡಿದಿದ್ದೇನೆ. ಇದು ವಿಷಯವನ್ನೇ ಬದಲಿಸಿಬಿಟ್ಟಿತೇ ಎಂಬ ಅಳುಕು ನನಗಿದೆ, ಬಲ್ಲವರು ಹೇಳಬೇಕು. ಇದರ ಜೊತೆಗೆ ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಗಡಿಹಳ್ಳಿಗಳ ಸದಸ್ಯರಲ್ಲಿ ಒಂದು ವಿನಂತಿ. ಜಾತ್ರೆಯಲ್ಲಿ ದನ ಕೊಂಡವರು ಗಡಿಯಾಚೆ ಹೊಡೆದುಕೊಂಡು ಹೋಗುವಾಗ ಇಟ್ಟುಕೊಳ್ಳುತ್ತಿದ್ದ ಚೀಟಿಯನ್ನು ನಮ್ಮ ತಂದೆಯವರು ‘ರಹದಾರಿ’ ಎನ್ನುತ್ತಿದ್ದರು, ನಮ್ಮ ಚಿಕ್ಕಪ್ಪನವರು ‘ರಶೀತಿ’ ಎನ್ನುತ್ತಾರೆ. ನಿಮ್ಮ ಕಡೆಯ ಹಿರಿಯರ ಬಾಯಲ್ಲಿ ಅದಕ್ಕೆ ಬೇರೆ ಹೆಸರಿದ್ದರೆ, ಅದು ತೆಲುಗಿನದಾದರೂ ಸರಿ, ದಯವಿಟ್ಟು ತಿಳಿಸಿ. ಬ್ಯಾನರಿನವರು ಸೋಮವಾರದವರೆಗೆ ಕಾಯಲು ಒಪ್ಪಿದ್ದಾರೆ.