ಕುಂಸಿ ಹತ್ರ ಲಾರಿ ಆಕ್ಸಿಡೆಂಟ್, ತಮ್ಮನ ಕಾಲು ಮುರಿದಿದೆ. ಕ್ಲೇಮ್‌ಗೆ ಸಾಕ್ಷಿ ಹೇಗೆ ಜೋಡಿಸೋದು?

ಅಡಿಕೆಸೀಮೆ ಅಣ್ಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಆನಂದಪುರ ಹತ್ರ ಒಂದು ಹಳ್ಳಿ. ನನ್ನ ತಮ್ಮಂಗೆ 34 ವರ್ಷ, ಕೊನೆಗಾರ, ಅಂದ್ರೆ ಅಡಿಕೆ ಮರ ಹತ್ತೋನು, ಮಳೆಗಾಲದಲ್ಲಿ ಔಷಧಿ ಹೊಡಿತಾನೆ, ಆಮೇಲೆ ಕೊನೆ ತೆಗಿತಾನೆ, ಅದು ಬಿಟ್ರೆ ಬೇರೆ ಕಸುಬು ಗೊತ್ತಿಲ್ಲ ಅವನಿಗೆ. ಒಂಬತ್ತು ದಿನದ ಹಿಂದೆ ಸಂಜೆ ಏಳರ ಹೊತ್ತಿಗೆ ಶಿವಮೊಗ್ಗದಿಂದ ಬೈಕಲ್ಲಿ ವಾಪಸ್ ಬರ್ತಾ ಇದ್ದ, ಆಯನೂರು ದಾಟಿ ಕುಂಸಿ ಇನ್ನೂ ಸಿಕ್ಕಿರ್ಲಿಲ್ಲ, ಎದುರಿಂದ ಬಂದ ಹತ್ತು ಚಕ್ರದ ಲಾರಿ ಮುಂದಿದ್ದ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡಕ್ಕೆ ಹೋಗಿ ಸೀದಾ ಇವನ ಮೇಲೆ ಬಂದಿದೆ. ಬಲಗಾಲು ಮೊಣಕಾಲಿಂದ ಕೆಳಗೆ ಎರಡು ಕಡೆ ಮುರಿದಿದೆ, ರಾಡ್ ಹಾಕಿದಾರೆ, ಪಾದದ ಕೀಲೂ ಹೋಗಿದೆ.

ಎಫ್‌ಐಆರ್ ಆಗಿದೆ. ಆದ್ರೆ ಡ್ರೈವರ್ ಬೈಕೇ ರೋಡಿನ ಮಧ್ಯಕ್ಕೆ ಬಂತು ಅಂತ ಹೇಳಿದಾನೆ, ಪೊಲೀಸ್ರು ಜಾಗ ನೋಡಿ ಮಹಜರು ಬರೆಯೋವಾಗ ನಾವೆಲ್ಲ ಆಸ್ಪತ್ರೇಲಿದ್ವಿ, ನಕ್ಷೇಲೂ ಡಿಕ್ಕಿ ಆದ ಜಾಗ ಮಧ್ಯದಲ್ಲೇ ತೋರ್ಸಿದಾರಂತೆ. ನಾನು ನಾಕನೇ ದಿನ ಹೋಗಿ ನೋಡ್ದೆ. ಹೆಡ್‌ಲೈಟಿನ ಗಾಜಿನ ಚೂರು, ಇಂಡಿಕೇಟರಿನ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು, ಅವನ ಚಪ್ಪಲಿ ಒಂದು, ಎಲ್ಲ ಅವನ ಎಡಬದಿಯ ಬಿಳಿ ಗೆರೆ ದಾಟಿ ಚರಂಡಿ ಅಂಚಲ್ಲಿ ಕೆಸರಲ್ಲಿ ಹೂತ್ಕೊಂಡಿತ್ತು. ಮೊಬೈಲಲ್ಲಿ ಫೋಟೋ ತೆಗ್ದೆ, ಆದ್ರೆ ಚೂರುಗಳನ್ನ ಮುಟ್ಲಿಲ್ಲ. ಆರಿದ್ರಾ ಮಳೆ ಹೊಡಿತಾ ಇದೆ, ಈಗ ಹೋದ್ರೆ ಅಲ್ಲಿ ಎಂತ ಉಳಿದಿರತ್ತೆ?

ಇನ್ನೊಂದು. ಆಸ್ಪತ್ರೆಗೆ ಸೇರ್ಸಿದ್ದು ದಾರೀಲಿ ಹೋಗ್ತಿದ್ದ ಒಬ್ಬ ಆಟೋದವ್ರು, ಅವರಿಗೆ ಕೈ ಮುಗಿಬೇಕು. ಆದ್ರೆ ಅಲ್ಲಿ ಚೀಟಿ ಬರೆಯೋವಾಗ ‘ಬೈಕಿಂದ ಬಿದ್ದು ಗಾಯ’ ಅಂತ ಬರ್ಕೊಂಡಿದಾರೆ, ಲಾರಿ ಹೆಸರೇ ಇಲ್ಲ. ಲಾರಿ ಓನರ್ ಕಡೆಯವ್ರು ಮೊನ್ನೆ ಬಂದು 25 ಸಾವಿರ ಕೊಡ್ತೀವಿ, ಸ್ಟಾಂಪ್ ಪೇಪರ್ ಮೇಲೆ ಸೈನ್ ಹಾಕಿ ಅಂತಾರೆ. ಅಮ್ಮ ತಗೊಂಡುಬಿಡು ಅಂತ ಅಳ್ತಾ ಇದಾಳೆ. ಗೊತ್ತಿರೋರು ದಯವಿಟ್ಟು ಹೇಳಿ.

ಗಾಜನೂರು ಹುಡುಗ:

ಅಣ್ಣಾ ಮೊದ್ಲು ಆ ಸೈನ್ ಹಾಕ್ಬೇಡಿ, ಎಷ್ಟೇ ಕಷ್ಟ ಇದ್ರೂ. ಮೂರು ವರ್ಷದ ಹಿಂದೆ ನಮ್ಮಪ್ಪಂಗೆ ಮರಳು ಲಾರಿ ಹೊಡೀತು, ನಾವು ಆಸ್ಪತ್ರೆ ಓಡಾಟದಲ್ಲೇ ದಿನ ಕಳೆದ್ವಿ. ಇಪ್ಪತ್ತನೇ ದಿನ ಪೆಟ್ರೋಲ್ ಬಂಕಿಗೆ ಹೋಗಿ ಕೇಳಿದ್ರೆ ಅವರ ಸಿಸಿಟಿವಿ ಡಬ್ಬದಲ್ಲಿ ಹದಿನೈದು ದಿನದ್ದು ಮಾತ್ರ ಇರೋದು, ಹಳೇದರ ಮೇಲೆ ಹೊಸದು ತಾನಾಗೇ ರೆಕಾರ್ಡ್ ಆಗ್ತಾ ಹೋಗತ್ತೆ ಅಂದ್ರು. ಐದು ದಿನ ಮೊದ್ಲು ಹೋಗಿದ್ರೆ ಆಗ್ತಿತ್ತು, ಅದು ಇವತ್ತಿಗೂ ನನ್ನ ಎದೇಲಿ ಚುಚ್ಚತ್ತೆ. ನಿಮಗೆ ಒಂಬತ್ತು ದಿನ ಆಗಿದೆ, ಹಾಗಾಗಿ ನಾಳೆ ಬೆಳಗ್ಗೆನೇ ಹೊರಡಿ.

ಆಯನೂರು ಕುಂಸಿ ಎರಡೂ ಕಡೆ ರೋಡ್ ಬದಿಯ ಬಂಕು, ಅಂಗಡಿ, ಅಡಿಕೆ ಮಂಡಿ, ಗೇಟಿಗೆ ಕ್ಯಾಮೆರಾ ಇರೋ ಮನೆ ಯಾವುದನ್ನೂ ಬಿಡ್ಬೇಡಿ. ಡಿಕ್ಕಿ ಆಗಿದ್ದೇ ಕಾಣ್ಬೇಕು ಅಂತಿಲ್ಲ, ಲಾರಿ ಆ ಟ್ರ್ಯಾಕ್ಟರ್ ಹಿಂದೆ ಬರ್ತಾ ಇದ್ದದ್ದು ಕಂಡ್ರೂ ಸಾಕು, ನಿಮ್ಮ ತಮ್ಮ ಹೇಳೋ ಮಾತಿಗೆ ಜೀವ ಬರತ್ತೆ. ಕ್ಯಾಮೆರಾದ ಗಡಿಯಾರ ಹೆಚ್ಚಿನ ಕಡೆ ತಪ್ಪಿರತ್ತೆ, ಸ್ಕ್ರೀನ್ ಪಕ್ಕ ನಿಮ್ಮ ಮೊಬೈಲ್ ಟೈಮ್ ಇಟ್ಟು ಒಂದು ಫೋಟೋ ತೆಕ್ಕೊಳಿ, ಎಷ್ಟು ನಿಮಿಷ ವ್ಯತ್ಯಾಸ ಅಂತ ಆಮೇಲೆ ಯಾರಿಗೂ ನೆನಪಿರಲ್ಲ. ಬಂಕಿನವ್ರು ಕೊಡಲ್ಲ ಅಂದ್ರೆ ಜಗಳ ಬೇಡ, ಅಳಿಸ್ಬೇಡಿ ಅಂತ ಒಂದು ಕಾಗದ ಬರೆದು ಕೊಟ್ಟು ನಕಲಿಗೆ ಸೀಲು ಹಾಕಿಸ್ಕೊಳಿ, ಅದೇ ದಿನ ಠಾಣೆಗೂ ಒಂದು ಅರ್ಜಿ ಕೊಡಿ, ಇಂತಾ ಜಾಗದ ಫೂಟೇಜ್ ವಶಕ್ಕೆ ತಗೊಳಿ ಅಂತ.

ಆ ಟ್ರ್ಯಾಕ್ಟರ್‌ನವ್ರನ್ನ ಹುಡುಕಿ ಮಾರಾಯ್ರೆ. ಸಂಜೆ ಹೊತ್ತಲ್ಲಿ ಓಡಾಡೋ ಟ್ರ್ಯಾಕ್ಟರ್ ಅಂದ್ರೆ ಸುತ್ತಮುತ್ತ ಊರಿಂದೇ ಇರತ್ತೆ, ಟೀ ಅಂಗಡೀಲಿ ಕೇಳಿದ್ರೆ ಸಿಗ್ತಾರೆ.

ವಕೀಲ್ರ ಆಫೀಸಲ್ಲಿರೋನು:

ಶಿವಮೊಗ್ಗ ಕೋರ್ಟಲ್ಲಿ ಎಂಟು ವರ್ಷದಿಂದ ಎಂವಿಸಿ, ಅಂದ್ರೆ ವಾಹನ ಅಪಘಾತದ ಪರಿಹಾರದ ಕೇಸಿನ ಫೈಲ್ ನೋಡ್ಕೊಳ್ತಾ ಇದೀನಿ, ಅದರ ಮೇಲೆ ಹೇಳ್ತೀನಿ.

ನಿಮ್ಮ ಕೇಸಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲರು ಮೊದ್ಲು ಹಿಡಿಯೋದು ಆ ‘ಬೈಕಿಂದ ಬಿದ್ದು’ ಅನ್ನೋ ಸಾಲನ್ನ. ಲಾರಿನೇ ಇರ್ಲಿಲ್ಲ, ಆಮೇಲೆ ಸೇರ್ಸಿದಾರೆ ಅಂತ ವಾದ ಮಾಡ್ತಾರೆ. ಆ ಚೀಟಿ ತಿದ್ದಿಸಕ್ಕೆ ಮಾತ್ರ ಹೋಗ್ಬೇಡಿ, ತಿದ್ದಿದ ದಾಖಲೆ ಇಡೀ ಕೇಸನ್ನೇ ಕೆಡಿಸತ್ತೆ. ಬದಲಿಗೆ ಪೊಲೀಸ್ ಕೇಸಿನ ಗಾಯಾಳುಗಳನ್ನ ಆಸ್ಪತ್ರೇಲಿ ಬರೆದಿಡೋ ಎಂಎಲ್‌ಸಿ ರಿಜಿಸ್ಟರಿನ ನಕಲು ತೆಗಿಸಿ, ಮಾಹಿತಿ ಕೊಟ್ಟೋರು ಯಾರು ಅಂತ ಅದರಲ್ಲಿರತ್ತೆ. ಡಿಕ್ಕಿ ಕಣ್ಣಲ್ಲಿ ನೋಡದೇ ಇರೋ ಆಟೋದವ್ರು ಕೊಟ್ಟ ಮಾಹಿತಿ ಅಂತ ಗೊತ್ತಾದ್ರೆ ಆ ಸಾಲಿನ ತೂಕ ಕಮ್ಮಿ ಆಗತ್ತೆ. ಅವರು ಹೇಳಿಕೆ ಕೊಡಕ್ಕೆ ಒಪ್ಪಿದ್ರೆ ಒಳ್ಳೇದು, ಬಲವಂತ ಮಾಡಂಗಿಲ್ಲ, ಸಹಾಯ ಮಾಡಿದೋರಿಗೆ ಕಾನೂನಲ್ಲೇ ರಕ್ಷಣೆ ಇದೆ, ಮೋಟಾರು ವಾಹನ ಕಾಯ್ದೆಯ 134ಎ.

ಠಾಣೆಯಿಂದ ದೂರು, ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಗಾಯದ ಪ್ರಮಾಣಪತ್ರ, ವಾಹನ ತಪಾಸಣೆಯ ಐಎಂವಿ ರಿಪೋರ್ಟ್, ಆಮೇಲೆ ಚಾರ್ಜ್‌ಶೀಟ್, ಇಷ್ಟರ ನಕಲೂ ಬೇಕು. ನಕ್ಷೆ ತಪ್ಪಿದೆ ಅಂತೀರಲ್ಲ, ನಿಮ್ಮ ಫೋಟೋ ಜೊತೆ ಇಟ್ಟು ತನಿಖಾಧಿಕಾರಿಗೆ ಈಗಲೇ ಬರವಣಿಗೆಯಲ್ಲಿ ಕೊಡಿ, ಎಸ್‌ಪಿ ಆಫೀಸಿಗೂ ಒಂದು ಪ್ರತಿ ಸ್ಪೀಡ್ ಪೋಸ್ಟಲ್ಲಿ ಕಳಿಸಿ. ಫೋಟೋ ತೆಗೆದ ಮೊಬೈಲ್ ಮಾರ್ಬೇಡಿ, ವಾಟ್ಸಾಪಲ್ಲಿ ಕಳಿಸಿದ ಪ್ರತಿಯಲ್ಲಿ ತಾರೀಖು ಟೈಮು ಉಳಿಯಲ್ಲ, ಮೂಲ ಫೈಲೇ ಬೇಕು. ವಿಡಿಯೋ ಫೋಟೋ ಯಾವುದೇ ಆದ್ರೂ ಕೋರ್ಟಿಗೆ ಹಾಕೋವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಬೇಕು, ಬಂಕಿನವ್ರಿಂದ ತಗೊಳೋವಾಗಲೇ ಅದನ್ನ ಹೇಳಿಡಿ. ಲಾರಿ ಇನ್ನೂ ಠಾಣೆ ಮುಂದೆ ನಿಂತಿದ್ರೆ ಇವತ್ತೇ ಹೋಗಿ ಸುತ್ತ ಫೋಟೋ ತೆಗೀರಿ, ಬಂಪರ್ ಎಲ್ಲಿ ನುಜ್ಜಾಗಿದೆ, ಬೈಕಿನ ಬಣ್ಣ ಹತ್ತಿದೆಯಾ, ಟೈರ್ ಸವೆದಿದೆಯಾ. ಬಿಡಿಸ್ಕೊಂಡು ಹೋದ್ರೆ ವಾರದಲ್ಲಿ ಟಿಂಕರಿಂಗ್ ಆಗಿ ಹೊಸದಾಗಿರತ್ತೆ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ಲಾರಿ ನಂಬರ್ ಹಾಕಿದ್ರೆ ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವತ್ತಿನವರೆಗೆ ಇದೆ ಅಂತ ಬರತ್ತೆ, ಅಪಘಾತದ ದಿನ ಜಾರಿಯಲ್ಲಿತ್ತಾ ನೋಡಿ. ಲೋಡ್ ಇತ್ತು ಅಂದ್ರೆ ತೂಕದ ವೇ ಬ್ರಿಡ್ಜ್ ಚೀಟಿ, ಸರಕು ಸಾಗಣೆಯ ಇ-ವೇ ಬಿಲ್ಲು ಇರಬಹುದು, ಅದನ್ನ ಕೋರ್ಟ್ ಮೂಲಕ ತರಿಸ್ಬಹುದು.

2022ರ ಏಪ್ರಿಲ್ 1ರಿಂದ ಪೊಲೀಸ್ರು 48 ಗಂಟೇಲಿ ಮೊದಲ ವರದಿ, 90 ದಿನದೊಳಗೆ ಪೂರ್ತಿ ವರದಿ ಅಪಘಾತದ ಪರಿಹಾರ ತೀರ್ಮಾನ ಮಾಡೋ ಟ್ರಿಬ್ಯುನಲ್‌ಗೆ ಕೊಡ್ಬೇಕು. ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ಪರಿಹಾರ ಕೇಳೋ 166ನೇ ಕಲಮಿನ ಅರ್ಜಿಗೂ ಆ ಏಪ್ರಿಲ್‌ನಿಂದಲೇ ಗಡುವು ಬಂದಿದೆ, ಅಪಘಾತ ಆದ ದಿನದಿಂದ ಆರು ತಿಂಗಳು, ಅದರೊಳಗೇ ಹಾಕಿ. ಅಪಘಾತ ಆದ ಜಾಗದಲ್ಲೇ ಹಾಕ್ಬೇಕು ಅಂತೇನಿಲ್ಲ, ನೀವು ವಾಸ ಇರೋ ವ್ಯಾಪ್ತಿಯಲ್ಲೂ ಹಾಕ್ಬಹುದು.

ಮಂಡಗದ್ದೆ ಅಕ್ಕ:

ಎಲ್ಲರೂ ಡಿಕ್ಕಿ ಬಗ್ಗೆನೇ ಹೇಳಿದಿರಿ, ನಾನು ಆ ಹುಡುಗನ ಕಸುಬಿನ ಬಗ್ಗೆ ಹೇಳ್ತೀನಿ. ನಮ್ಮದು ನಾಕು ಎಕರೆ ಅಡಿಕೆ ತೋಟ, ಕೊನೆಗಾರನ ಕಾಲು ಅಂದ್ರೆ ಎಂತ ಅಂತ ದಿನಾ ನೋಡಿದೀನಿ. ತಳೆ ಅಂದ್ರೆ ಮರ ಹತ್ತಕ್ಕೆ ಕಾಲಿಗೆ ಹಾಕೋ ಬಳೆ, ಅದರೊಳಗೆ ಎರಡೂ ಪಾದ ಸಿಕ್ಕಿಸಿ, ಪಾದದ ಕೀಲು ಒಳಗೆ ಬಗ್ಗಿಸಿ ಮರವನ್ನ ಒತ್ತಿ ಹಿಡಿದು ಮೈ ಎತ್ಕೋಬೇಕು, ಒದ್ದೆ ಮರದಲ್ಲಿ. ಆ ಕೀಲು ಬಗ್ಗಲಿಲ್ಲ ಅಂದ್ರೆ ಅವ್ನು ನಡೀಬಹುದು, ಬೈಕ್ ಹೊಡೀಬಹುದು, ಮರ ಹತ್ತಕ್ಕೆ ಮಾತ್ರ ಆಗಲ್ಲ.

ಕೋರ್ಟಿಗೆ ಇದನ್ನ ತೋರ್ಸದಿದ್ರೆ ಡಾಕ್ಟ್ರು ಕಾಲಿಗೆ ಶೇಕಡಾ 30 ಅಂತ ಬರೀತಾರೆ, ಗಳಿಕೆ ನಷ್ಟಾನೂ ಅಷ್ಟೇ ಅಥವಾ ಇನ್ನೂ ಕಮ್ಮಿ ಅಂತ ಲೆಕ್ಕ ಹಾಕಿಬಿಡ್ತಾರೆ. ನಮ್ಮ ಭಾವನ ಕೇಸಲ್ಲಿ ವಕೀಲ್ರು 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪು ತೋರಿಸಿದ್ರು. ಎಡಗೈ ಕಳಕೊಂಡೋನು ಡ್ರೈವರೋ ಬಡಗಿಯೋ ಆಗಿದ್ರೆ ಅವನ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದಂಗೆ, ಗುಮಾಸ್ತ ಆಗಿದ್ರೆ ಹಾಗಲ್ಲ, ಡಾಕ್ಟ್ರು ಕೊಟ್ಟ ಪರ್ಸೆಂಟೇ ಗಳಿಕೆ ನಷ್ಟ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ತಿಂಗಳಿಗೆ 18 ಸಾವಿರ ಅಂತ ಇಟ್ಕೊಳಿ, 34 ವರ್ಷ ವಯಸ್ಸಿಗೆ ವರ್ಷದ ಗಳಿಕೆನ 16ರಿಂದ ಗುಣಿಸ್ತಾರೆ, ಒಟ್ಟು 34 ಲಕ್ಷ 56 ಸಾವಿರ. ಅದರಲ್ಲಿ ಶೇಕಡಾ 30 ಅಂದ್ರೆ 10 ಲಕ್ಷ ಚಿಲ್ಲರೆ, 60 ಅಂತ ಒಪ್ಪಿದ್ರೆ 20 ಲಕ್ಷದ ಮೇಲೆ. 25 ಸಾವಿರದ ಮಾತು ಆಡೋರಿಗೆ ಇದು ಚೆನ್ನಾಗೇ ಗೊತ್ತಿರತ್ತೆ, ಅಮ್ಮಂಗೂ ಈ ಲೆಕ್ಕ ಕೂರ್ಸಿ ಹೇಳಿ.

ಆ 18 ಸಾವಿರವನ್ನ ತೋರ್ಸೋದೇ ಕಷ್ಟ, ಸಂಬಳದ ಚೀಟಿ ಇಲ್ಲವಲ್ಲ. ಯಾರ್ಯಾರ ತೋಟದಲ್ಲಿ ಕೊನೆ ತೆಗ್ದಿದಾನೋ ಅವರ ಮನೆಯ ಲೆಕ್ಕದ ಪುಸ್ತಕ ಕೇಳಿ. ಯಾವತ್ತು ಯಾರು ಎಷ್ಟು ಕೊನೆ ಇಳಿಸಿದ್ರು, ಎಷ್ಟು ಕೊಟ್ವಿ ಅಂತ ನಾವು ಬರೆದಿಡ್ತೀವಿ, ಹಳೇ ಪುಸ್ತಕಾನೂ ಇರತ್ತೆ. ಫೋನ್‌ಪೇ ಹಾಕಿದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಘದಲ್ಲಿ ಸಾಲ ಕಟ್ಟಿರೋ ಪುಸ್ತಕ, ಇಬ್ಬರು ತೋಟದವ್ರು ಬಂದು ಸಾಕ್ಷಿ ಹೇಳಿದ್ರೆ ಇನ್ನೂ ಗಟ್ಟಿ. ಅವ್ನು ಮರ ಹತ್ತೋ ವಿಡಿಯೋ ಯಾರ ಮೊಬೈಲಲ್ಲಾದ್ರೂ ಇದ್ಯಾ ಹುಡುಕಿ. ವಿಕಲತೆಯ ಸರ್ಟಿಫಿಕೇಟ್ ಬರೆಯೋ ಡಾಕ್ಟ್ರಿಗೂ ಕೊನೆಗಾರ ಅಂತ ಹೇಳಿ, ಕೂಲಿ ಅಂತಷ್ಟೇ ಬರ್ಸಬೇಡಿ. ಔಷಧಿ ಬಿಲ್ಲು, ಆಂಬುಲೆನ್ಸ್, ನೋಡ್ಕೊಳ್ಳೋಕೆ ನೀವು ಬಿಟ್ಟ ಕೆಲಸದ ದಿನ ಎಲ್ಲಾನೂ ಒಂದು ಕವರಲ್ಲಿಡಿ, ಬಿಲ್ಲಿನ ಶಾಯಿ ಮಾಸಿ ಹೋಗತ್ತೆ, ಜೆರಾಕ್ಸ್ ಮಾಡ್ಸಿ.

ಅಡಿಕೆಸೀಮೆ ಅಣ್ಣ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಮೂರು ದಿನ ಓಡಾಡಿ ಈಗ ಬರೀತಾ ಇದೀನಿ. ಕುಂಸಿ ಕಡೆ ಒಂದು ಬಂಕಲ್ಲಿ ಫೂಟೇಜ್ ಇತ್ತು. ಟ್ರ್ಯಾಕ್ಟರ್ ಹೋಗತ್ತೆ, ಹಿಂದೆನೇ ಲೈಟ್ ಹೊಡಿತಾ ಹೊಡಿತಾ ಲಾರಿ. ಅವರ ಗಡಿಯಾರ 11 ನಿಮಿಷ ಮುಂದಿತ್ತು, ಫೋಟೋ ತೆಕ್ಕೊಂಡೆ. ಪೊಲೀಸ್ರು ಬಂದು ಪೆನ್‌ಡ್ರೈವಿಗೆ ಹಾಕಿಸ್ಕೊಂಡ್ರು.

ಟ್ರ್ಯಾಕ್ಟರ್‌ನವ್ರು ಸಿಕ್ಕಿದ್ರು, ಪಕ್ಕದ ಊರಿನ ವಯಸ್ಸಾದೋರು. ನಾನು ಕೇಳೋ ಮೊದಲೇ ‘ಆ ಹುಡುಗ ಬದುಕಿದಾನಾ’ ಅಂತ ಕೇಳಿದ್ರು, ಲಾರಿ ನನ್ನ ಟ್ರ್ಯಾಕ್ಟರ್ ದಾಟಿ ಬಲಕ್ಕೆ ಹೋಗಿದ್ದು ನೋಡಿದೀನಿ ಅಂದ್ರು. ಹೇಳಿಕೆ ಕೊಡಕ್ಕೆ ಸೋಮವಾರ ನನ್ನ ಜೊತೆನೇ ಠಾಣೆಗೆ ಬರ್ತಾರೆ. ಮೂರು ತೋಟದವ್ರು ಪುಸ್ತಕ ತೆಗ್ದಿಟ್ಟಿದಾರೆ. ಸ್ಟಾಂಪ್ ಪೇಪರ್‌ನವ್ರು ಮತ್ತೆ ಬಂದಿದ್ರು, ಈ ಸಲ ಅಮ್ಮನೇ ಬಾಗಿಲಲ್ಲಿ ನಿಂತು ಬೇಡ ಅಂತ ಹೇಳಿ ಕಳಿಸಿದ್ಲು.